ಗುಂಡು ಹೇಳುವುದೆಷ್ಟು, ಹೇಳದೇ ಬಿಡುವುದೆಷ್ಟು?

ರಾತ್ರಿ ಊಟ ಆದ ಮೇಲೆ ಹಾಸ್ಟೆಲ್ ಟಿವಿ ಮುಂದೆ ಕೂಡುವವರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರೇ ಹೆಚ್ಚು. ಮೊನ್ನೆ ನೋಡಿದ್ದು ಒಂದು ಪತ್ತೇದಾರಿ ಧಾರಾವಾಹಿ. ಯಾರೋ ಒಬ್ಬ ಸಿಕ್ಕಸಿಕ್ಕವರಿಗೆ ಗುಂಡು ಹೊಡೀತಾನ. ಸತ್ತವರಿಗೆ ಒಬ್ಬರಿಗೊಬ್ಬರ ಪರಿಚಯನೇ ಇಲ್ಲ. ಲ್ಯಾಬಿನವರು ಗುಂಡನ್ನು ಪರೀಕ್ಷಿಸಿದ್ದೇ ತಡ, ಪರದೆ ಮೇಲೆ ಕೊಲೆಗಾರನ ಫೋಟೋ! "ಇಷ್ಟು ಸಲೀಸೇನಪಾ?" ಅಂತ ಒಬ್ಬ ಕೇಳಿದ. ಅದಕ್ಕೇ ಈ ಲೇಖನ.

ವರ್ಕ್‌ಶಾಪಿನಲ್ಲಿ ಲೇತ್ ಹಿಡಿದವರಿಗೆ ವಿಷಯ ಬೇಗ ತಿಳಿಯುತ್ತದೆ. ಟೂಲ್ ಉಜ್ಜಿದಲ್ಲೆಲ್ಲ ಲೋಹದ ಮೇಲೆ ಸಣ್ಣ ಗೆರೆ ಉಳಿಯುತ್ತವೆ. ಬಂದೂಕೂ ಹಾಗೇ. ನಳಿಕೆಯ ಒಳಗಿನ ಸುರುಳಿ ಗೀರುಗಳು ಗುಂಡಿನ ಮೈಮೇಲೆ ಗುರುತು ಬಿಡುತ್ತವೆ. ಫೈರಿಂಗ್ ಪಿನ್ ಕಾರ್ಟ್ರಿಡ್ಜಿನ ತಳದಲ್ಲಿ ತನ್ನ ಗುದ್ದು ಬಿಡುತ್ತದೆ. ಎರಡು ಗುಂಡು ಅಥವಾ ಎರಡು ಖಾಲಿ ಕಾರ್ಟ್ರಿಡ್ಜುಗಳನ್ನು ಕಂಪ್ಯಾರಿಸನ್ ಮೈಕ್ರೋಸ್ಕೋಪಿನ ಕೆಳಗೆ ಪಕ್ಕಪಕ್ಕ ಇಟ್ಟು, ಗೆರೆಗೆ ಗೆರೆ ಕೂಡುತ್ತದೋ ಇಲ್ಲವೋ ಎಂದು ತಜ್ಞರು ನೋಡುತ್ತಾರೆ. ಬಂದೂಕು ಕೈಗೆ ಸಿಗದಿದ್ದರೂ ಈ ಹೋಲಿಕೆ ಸಾಧ್ಯ.

ಧಾರಾವಾಹಿಯಂಥದ್ದೇ ನಿಜವಾದ ಪ್ರಕರಣ ನಡೆದದ್ದು ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ. 2002ರ ಅಕ್ಟೋಬರಿನ ಮೂರು ವಾರಗಳಲ್ಲಿ 10 ಮಂದಿ ಸತ್ತರು, 3 ಮಂದಿ ಗಾಯಗೊಂಡರು. ಇವುಗಳಲ್ಲಿ ಹೆಚ್ಚಿನವು ಒಂದೇ ರೈಫಲಿನ ಕೆಲಸ ಅಂತ ಲ್ಯಾಬ್ ಹೇಳಿತು. ಆದರೆ ಪೊಲೀಸರು ಹುಡುಕಿದ್ದು ಬಿಳಿ ವ್ಯಾನ್, ಕೊಲೆಗಾರರು ಓಡಾಡಿದ್ದು ನೀಲಿ ಕಾರಿನಲ್ಲಿ! ಕೊನೆಗೆ ಹೆಸರು ಸಿಕ್ಕಿದ್ದು ಗುಂಡಿನಿಂದಲ್ಲ. ಅಲಬಾಮಾದಲ್ಲಿ ಮಾಡಿದ ಇನ್ನೊಂದು ಕೃತ್ಯದ ಬಗ್ಗೆ ಅವರೇ ಫೋನಿನಲ್ಲಿ ಬಡಾಯಿ ಕೊಚ್ಚಿದ್ದರು. ಅಲ್ಲಿ ಸಿಕ್ಕ ಬೆರಳಚ್ಚು ದಾರಿ ತೋರಿಸಿತು.

ಈಗ ನಮ್ಮ ಕಡೆಗೆ ಬರೋಣ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆ ಬಾಗಿಲಲ್ಲೇ ಡಾ. ಎಂ. ಎಂ. ಕಲಬುರ್ಗಿ ಅವರನ್ನು ಗುಂಡಿಟ್ಟು ಕೊಂದರು. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿ, ವಚನಗಳ ಸಂಶೋಧನೆಗೆ ಆಯುಷ್ಯ ಕೊಟ್ಟು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಅವರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆಯಾಯಿತು. ಇಲ್ಲಿ ಗುಂಡು ಬಿದ್ದದ್ದು ಸಿಕ್ಕಸಿಕ್ಕವರಿಗಲ್ಲ, ಆರಿಸಿದವರಿಗೆ. ಆದರೂ ಎರಡು ಊರು, ಎರಡು ವರ್ಷದ ಅಂತರ. ಈ ಎರಡನ್ನೂ ಜೋಡಿಸಿದ್ದು ಸಿಕ್ಕ ಗುಂಡು ಮತ್ತು ಕಾರ್ಟ್ರಿಡ್ಜುಗಳೇ: ಎರಡಕ್ಕೂ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಪ್ರಕರಣವನ್ನೂ ಗೌರಿ ಹತ್ಯೆಯ ತನಿಖೆ ಮಾಡಿದ ಎಸ್‌ಐಟಿಗೇ ಒಪ್ಪಿಸಿತು.

ಗೌರಿ ಪ್ರಕರಣದಲ್ಲಿ 2018ರ ಜೂನ್‌ನಲ್ಲಿ ಬಂಧಿತನಾದ ಒಬ್ಬ ಆರೋಪಿಯೂ ಸಿಂದಗಿಯವನೇ. ಆವತ್ತಿನಿಂದ ಸಿಂದಗಿ ಹುಡುಗರಿಗೆ ಒಂದು ಚೇಷ್ಟೆ ತಪ್ಪಿಲ್ಲ: "ನಿಮ್ಮೂರವರು ಹಂಗ ಬಿಡಪಾ!" ನಗುತ್ತಲೇ ಅಂದರೂ ಮಾತು ಚುಚ್ಚುತ್ತದೆ.

ಇಲ್ಲೇ ವಿಜ್ಞಾನದ ಮಿತಿ ನೆನಪಿರಬೇಕು. ಗುಂಡು ಹೇಳುವುದು 'ಯಾವ ಪಿಸ್ತೂಲು' ಎಂಬುದನ್ನು. 'ಯಾರ ಕೈ' ಎಂಬುದನ್ನಲ್ಲ. ಕೈಯನ್ನು ಸಾಬೀತು ಮಾಡಲು ಸಾಕ್ಷಿ, ಫೋನ್ ದಾಖಲೆ, ಓಡಾಟದ ವಿವರ ಎಲ್ಲ ಬೇಕು. ಅದನ್ನು ತೂಗಿ ನೋಡುವುದು ನ್ಯಾಯಾಲಯ. ಅಲ್ಲಿಯವರೆಗೆ ಆರೋಪಿ ಆರೋಪಿಯೇ. ಗೆರೆಗಳ ಹೋಲಿಕೆಯಲ್ಲೂ ಕೊನೆಯ ಮಾತು ತಜ್ಞರ ಕಣ್ಣಿನದು. ಈ ವಿಧಾನದಲ್ಲಿ ತಪ್ಪಿನ ಪ್ರಮಾಣ ಎಷ್ಟೆಂದು ಇನ್ನೂ ಸಾಕಷ್ಟು ಅಳೆದಿಲ್ಲ ಎಂದು 2016ರಲ್ಲಿ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿಯೇ ಎಚ್ಚರಿಸಿತ್ತು. ಲ್ಯಾಬ್ ರೆಕಾರ್ಡಿನಲ್ಲಿ ಎರರ್ ಬರೆಯದಿದ್ದರೆ ನಮಗೆ ಮಾರ್ಕ್ಸ್ ಕಟ್ ಆಗುತ್ತದಲ್ಲ, ಹಾಗೇ.

ಇನ್ನು ಊರಿನ ಮಾತು. ಒಬ್ಬ ಆರೋಪಿಯಿಂದ ಊರಿಗೆಲ್ಲ ಹಣೆಪಟ್ಟಿ ಹಚ್ಚುವುದಾದರೆ, ಅದೇ ಮಣ್ಣಿನ ಕಲಬುರ್ಗಿಯವರನ್ನು ಯಾವ ಲೆಕ್ಕಕ್ಕೆ ಹಾಕೋಣ? ಮುಂದಿನ ಸಲ ಟಿವಿಯಲ್ಲಿ ಪರದೆ ಮೇಲೆ ಫೋಟೋ ಬಂದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಪಿಸ್ತೂಲು ಗೊತ್ತಾಯಿತು, ಸರಿ. ಕೈ ಯಾರದು ಅಂತ ಹೆಂಗ ಗೊತ್ತಾತ್ರಿ?