ಚರ್ಮಕ್ಕೂ ಇದೆ ಪಿಎಚ್: ಸಾಬೂನು ಎಲ್ಲಿ, ಎಷ್ಟು?

ಅನ್ನಪೂರ್ಣೇಶ್ವರಿ ನಗರದಂತಹ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಬಳಸುವ ಮನೆಗಳೂ ಇವೆ. ಗಡಸು ನೀರಿನಲ್ಲಿ ನೊರೆ ಬಾರದೆಂದು ಇನ್ನಷ್ಟು ಸಾಬೂನು ಹಚ್ಚುತ್ತೇವೆ. ಆಮೇಲೆ ಕೈಕಾಲು ಬಿಗಿದು, ಬಿಳಿಚಿ, ತುರಿಸತೊಡಗುತ್ತದೆ. ಏಕೆ?

ಹುಳಿ, ಕ್ಷಾರಗಳನ್ನು ಅಳೆಯಲು ಡೆನ್ಮಾರ್ಕಿನ ವಿಜ್ಞಾನಿ ಸೊರೆನ್ಸನ್ 1909ರಲ್ಲಿ ರೂಪಿಸಿದ ಅಳತೆಯೇ ಪಿಎಚ್. ಶುದ್ಧ ನೀರಿನ ಪಿಎಚ್ 7. ಆರೋಗ್ಯವಂತ ಚರ್ಮದ ಮೇಲ್ಮೈಯದು ಸುಮಾರು 5, ಅಂದರೆ ತುಸು ಹುಳಿ. ಈ ಹುಳಿಯೇ ರೋಗಾಣುಗಳನ್ನು ತಡೆದು, ತೇವಾಂಶ ಕಾಪಾಡಲು ನೆರವಾಗುತ್ತದೆ. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10. ಅದರಿಂದ ತೊಳೆದ ಚರ್ಮ ಮೊದಲಿನ ಸ್ಥಿತಿಗೆ ಮರಳಲು ಗಂಟೆಗಳೇ ಬೇಕಾಗಬಹುದು. ಗಡಸು ನೀರಿನಲ್ಲಿ ಸಾಬೂನಿನ ಜಿಡ್ಡು ಚರ್ಮದಲ್ಲೇ ಉಳಿಯುತ್ತದೆ.

ಹಾಗೆಂದು ದಿನಕ್ಕೆ ಐದು ಬಾರಿ ವುಝೂ ಮಾಡುವವರು ಅಂಜಬೇಕಿಲ್ಲ. ವುಝೂಗೆ ಬೇಕಿರುವುದು ನೀರು, ಸಾಬೂನಲ್ಲ. ಶೌಚದ ನಂತರ ಮತ್ತು ಊಟಕ್ಕೆ ಮುಂಚೆ ಕೈಗೆ ಸಾಬೂನು ಬೇಕೇ ಬೇಕು. ಮುಖ, ತೋಳು, ಪಾದಗಳಿಗೆ ಪ್ರತಿಸಲವೂ ಬೇಡ.

ಕಾಲ್ಬೆರಳ ಸಂದುಗಳನ್ನು ಒರೆಸಿ ಒಣಗಿಸಿದ ಮೇಲೆಯೇ ಸಾಕ್ಸ್ ಹಾಕಿಕೊಳ್ಳಿ. ಅಲ್ಲಿ ತೇವ ಉಳಿದರೆ ಶಿಲೀಂಧ್ರ ಸೋಂಕು ತಗಲುತ್ತದೆ. ಒಣ ಚರ್ಮದವರು ಇಶಾ ನಮಾಝಿನ ಬಳಿಕ ಕೈಕಾಲಿಗೆ ವ್ಯಾಸಲೀನ್ ಹಚ್ಚಬಹುದು. ಬೆರಳ ಸಂದುಗಳಿಗೆ ಬೇಡ. ಮೊಡವೆಗೆಂದು ನಿಂಬೆರಸ, ಅಡುಗೆ ಸೋಡಾ ಹಚ್ಚಬೇಡಿ. ಒಂದು ವಿಪರೀತ ಹುಳಿ, ಇನ್ನೊಂದು ಕ್ಷಾರ. ಎರಡೂ ಚರ್ಮವನ್ನು ಕೆರಳಿಸುತ್ತವೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರ ಪಾದಗಳನ್ನು ದಿನಾಲೂ ನೋಡಿ. ಅವರಿಗೆ ನೋವು ತಿಳಿಯದೇ ಇರಬಹುದು, ಸಣ್ಣ ಬಿರುಕೂ ದೊಡ್ಡ ಹುಣ್ಣಾಗಬಹುದು. ಬಿರುಕು, ಕೆಂಪು, ಕೀವು ಕಂಡರೆ ಮನೆಮದ್ದು ಮಾಡುತ್ತಾ ಕಾಯದೆ ವೈದ್ಯರಿಗೆ ತೋರಿಸಿ.