ಒಂಟಿಮನೆಯ ಒಳಗು ಹೊರಗು

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಕೋಟೆ, ದೇಗುಲ, ಶಾಸನಗಳ ಕಡೆಗೆ ಹರಿಯುತ್ತದೆ. ಕಾಡಿನ ನಡುವೆ ಒಲೆ ಹೂಡಿ ನೆಲೆಯೂರಿದ ಒಕ್ಕಲಿನ ಮನೆಯೂ ಚರಿತ್ರೆಯೇ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಅಂಥದೊಂದು ಮನೆ ವಸ್ತುಸಂಗ್ರಹಾಲಯವಾಗಿ ಉಳಿದಿದೆ. 1904ರ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಬೆಳೆದದ್ದು ಈ ಮನೆಯಲ್ಲಿ. 1992ರಲ್ಲಿ ಸ್ಥಾಪಿತವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಇದನ್ನು ‘ಕವಿಮನೆ’ಯೆಂದು ಕಾಪಾಡಿಕೊಂಡು ಬಂದಿದೆ.

ಕೃಷ್ಣೆಯ ದಂಡೆಯ ಉಗಾರ ಬುದ್ರುಕದವನಾದ ನನಗೆ ಈ ಮನೆಯ ಕಟ್ಟಡವೇ ಒಂದು ಪಾಠವೆನಿಸಿತು. ನಮ್ಮ ಬಯಲುನಾಡಿನಲ್ಲಿ ಮನೆಗಳು ಒಂದರ ಗೋಡೆಗೆ ಇನ್ನೊಂದು ಆತು ನಿಲ್ಲುತ್ತವೆ. ಮಣ್ಣಿನ ಮಾಳಿಗೆ ಬಿಸಿಲನ್ನು ತಡೆಯುತ್ತದೆ. ಮಲೆನಾಡಿನಲ್ಲಾದರೋ ಒಂದು ಮನೆಯೇ ಒಂದು ಊರು. ಇಳಿಜಾರಾದ ಹೆಂಚಿನ ಮಾಡು, ನಡುವೆ ಬೆಳಕಿಗೆ ತೆರೆದುಕೊಂಡ ಅಂಗಳ, ಅಲ್ಲಿ ತುಳಸಿಕಟ್ಟೆ, ಸುತ್ತಲೂ ಜಗಲಿ, ಮರದ ಕೆತ್ತನೆಯ ಕಂಬಗಳು, ಮೇಲೆ ಉಪ್ಪರಿಗೆ: ಹೀಗೆ ಮೂರು ಅಂತಸ್ತುಗಳು. ಇದು ಕೇವಲ ವೈಭವವಲ್ಲ. ತಿಂಗಳುಗಟ್ಟಲೆ ಮಳೆ ಹಿಡಿದಾಗ ಭತ್ತ, ಅಡಿಕೆ, ಸೌದೆ, ಜನ ಎಲ್ಲಕ್ಕೂ ಒಂದೇ ಸೂರು ಬೇಕಿತ್ತು. ಪಾಠಶಾಲೆಯೂ ಮನೆಯೊಳಗೇ, ದಕ್ಷಿಣ ಕನ್ನಡದಿಂದ ಬಂದ ಐಗಳು ಬಾಲಕನಿಗೆ ಅಕ್ಷರ ಕಲಿಸಿದ್ದು ಇಲ್ಲಿಯೇ.

ಈಗ ಅಲ್ಲಿ ಪಾತ್ರೆ-ಪರಡಿ, ಬೇಸಾಯದ ಸಲಕರಣೆ, ಛಾಯಾಚಿತ್ರಗಳನ್ನು ಒಪ್ಪವಾಗಿ ಇರಿಸಿದ್ದಾರೆ. ಆದರೆ ಸಲಕರಣೆಯನ್ನು ಹಿಡಿದ ಕೈ ಯಾರದು? ತೋಟ ಗದ್ದೆಗಳಲ್ಲಿ ದುಡಿದವರು ಹುಲ್ಲು ಹೊದಿಸಿದ ಗುಡಿಸಲುಗಳಲ್ಲಿ ಬಾಳಿದರು. ಗಟ್ಟಿಮರ ಶತಮಾನ ಬಾಳುತ್ತದೆ, ಹುಲ್ಲು ಕೆಲವು ಮಳೆಗಾಲಕ್ಕೆ ಕೊಳೆಯುತ್ತದೆ. ಆದುದರಿಂದ ಯಾವ ಸಂಗ್ರಹಾಲಯವೂ ತನಗರಿವಿಲ್ಲದೆ ಉಳ್ಳವರ ಪಕ್ಷಕ್ಕೆ ವಾಲುತ್ತದೆ. ಈ ಕೊರತೆ ನಮ್ಮದು ಮಾತ್ರವಲ್ಲ. ಅಮೆರಿಕದ ಪ್ಲಿಮತ್‌ನಲ್ಲಿ 17ನೆಯ ಶತಮಾನದ ಇಂಗ್ಲಿಷ್ ವಲಸಿಗರ ಊರನ್ನು ಮರುನಿರ್ಮಿಸಿದ ಸಂಗ್ರಹಾಲಯವು, ಅಲ್ಲಿನ ಮೂಲನಿವಾಸಿಗಳು ಆ ನೆಲವನ್ನು ಕರೆಯುತ್ತಿದ್ದ ‘ಪಟುಕ್ಸೆಟ್’ ಎಂಬ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡದ್ದು 2020ರಲ್ಲಿ.

ಕುಪ್ಪಳಿಯ ಭಾಗ್ಯವೆಂದರೆ, ಮನೆ ಹೇಳಲಾರದ್ದನ್ನು ಆ ಮನೆಯ ಮಗನೇ ಬರೆದಿಟ್ಟಿದ್ದಾರೆ. ‘ಕಾನೂರು ಹೆಗ್ಗಡಿತಿ’ಯಲ್ಲಿ ಒಡೆಯರ ಮನೆಯೊಳಗಿನ ಬೇಗುದಿಯಿದೆ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಜೀತದಾಳು ಗುತ್ತಿ, ಅವನ ತಿಮ್ಮಿ, ಅವನ ನಾಯಿ ಹುಲಿಯ ಕೂಡ ಹೆಗ್ಗಡೆಗಳಷ್ಟೇ ಘನತೆಯಿಂದ ನಡೆದಾಡುತ್ತಾರೆ. ಕಂಬಗಳನ್ನು ಕಂಡು ಬಂದವರು ಈ ಪುಟಗಳನ್ನೂ ಓದಬೇಕು. ಎರಡೂ ಕೂಡಿದಾಗಲೇ ಆ ಮನೆ ಪೂರ್ಣವಾದೀತು.

ಎಲ್ಲ ಮನೆಗಳಿಗೂ ಇಂಥ ಕವಿ ದೊರೆಯುವುದಿಲ್ಲ. ಕೃಷ್ಣೆಯ 2005 ಮತ್ತು 2019ರ ಮಹಾಪೂರಗಳಲ್ಲಿ ನಮ್ಮ ಸೀಮೆಯ ಅದೆಷ್ಟೋ ಮಣ್ಣಿನ ಗೋಡೆಗಳು ಕರಗಿದವು. ಅವುಗಳೊಡನೆ ಪಡಸಾಲೆ, ಜಂತಿ, ಬೆಳಕಿಂಡಿ, ಹಗೇವು ಎಂಬ ಮಾತುಗಳೂ ಸವೆಯುತ್ತಿವೆ. ಎಲ್ಲವನ್ನೂ ಸಂಗ್ರಹಾಲಯ ಮಾಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಉಳಿದಿರುವ ಮನೆಗಳ ಅಳತೆಯನ್ನು, ಅಂಗಾಂಗಗಳ ಹೆಸರನ್ನು, ಅಲ್ಲಿ ದುಡಿದವರ ನೆನಪನ್ನು ಹಿರಿಯರಿಂದ ಕೇಳಿ ಬರೆದಿಡಲು ಒಂದು ನೋಟುಬುಕ್ಕು ಸಾಕು.