ಮೂಗು ದೊಡ್ಡದಾಯಿತೆಂದು ಬೇಡವಾದ ಚಿತ್ರ

ಯಾರು ಏನು ಕೊಟ್ಟರು, ಅವರಿಗೆ ನಾವೇನು ಕೊಡಬೇಕು ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಮದುವೆಯ ಮರುದಿನವೇ ಶುರುವಾಗುತ್ತದೆ. ಸುಮಾರು 140 ವರ್ಷಗಳ ಹಿಂದೆ ಪ್ಯಾರಿಸ್‌ನ ಒಂದು ಮನೆಯಲ್ಲೂ ಇಂಥದ್ದೇ ಲೆಕ್ಕ ಬಂದಿತ್ತು. ಅಲ್ಲಿ ಉಡುಗೊರೆಯಾಗಿ ಬಂದದ್ದು ಒಂದು ಚಾ ಸೆಟ್.

ಆ ಮನೆಯವರು ಅಮೆರಿಕದವರು. ಮಗಳು ಮೇರಿ ಕಸಾಟ್ ಚಿತ್ರ ಕಲಿಯಲು ಹೋಗಿ ಪ್ಯಾರಿಸ್‌ನಲ್ಲೇ ನಿಂತವರು. 1877ರಲ್ಲಿ ಅಪ್ಪ, ಅಮ್ಮ, ಅಕ್ಕ ಲಿಡಿಯಾ ಕೂಡ ಅಲ್ಲಿಗೆ ಬಂದು ಜೊತೆಗೆ ಉಳಿದರು. ಆ ಕಾಲದ ಗಂಡಸರು ಹೋಟೆಲು, ಕುದುರೆ ರೇಸು ಎಂದು ತಿರುಗಿ ಚಿತ್ರ ಬರೆಯುತ್ತಿದ್ದರು. ಮರ್ಯಾದಸ್ಥ ಮನೆಯ ಹೆಂಗಸಿಗೆ ಎಲ್ಲ ಕಡೆ ಒಬ್ಬಳೇ ಹೋಗಿ ಕೂರ್ಲಿಕ್ಕೆ ಆಗುತ್ತಿರಲಿಲ್ಲ. ಹಾಗಾಗಿ ಮೇರಿ ಹೆಚ್ಚಾಗಿ ಬರೆದದ್ದು ಮನೆಯೊಳಗಿನದ್ದನ್ನೇ: ಮಗುವಿಗೆ ಸ್ನಾನ, ಹೊಲಿಗೆ, ಓದು, ಸಂಜೆಯ ಚಾ. ಅಕ್ಕ ಲಿಡಿಯಾ ಚಾ ಕಪ್ಪು ಹಿಡಿದು ಕುಳಿತ ಚಿತ್ರವೂ ಉಂಟು. ಲಿಡಿಯಾ 1882ರಲ್ಲಿ ಕಾಯಿಲೆಯಿಂದ ತೀರಿಹೋದರು.

ಚಾ ಸೆಟ್ ಕೊಟ್ಟವರು ಮೇರಿ ಡಿಕಿನ್ಸನ್ ರಿಡಲ್ ಎಂಬವರ ಮಗಳು. ಈ ರಿಡಲ್, ಕಸಾಟ್ ಅವರ ತಾಯಿಯ ಕಸಿನ್. ವರಸೆಯಲ್ಲಿ ಚಿಕ್ಕಮ್ಮನೋ ದೊಡ್ಡಮ್ಮನೋ ಆಗಬೇಕು. ಸೆಟ್ಟು ಚೀನಾದ ಕ್ಯಾಂಟನ್ ಬಂದರಿನಿಂದ ಹೊರದೇಶಗಳಿಗೆ ಹೋಗುತ್ತಿದ್ದ ನೀಲಿ-ಬಿಳಿ ಪಿಂಗಾಣಿಯದ್ದು, ಮೇಲೆ ಚಿನ್ನದ ಲೇಪ ಬೇರೆ. ನಮ್ಮಲ್ಲಾದರೆ ಗಲ್ಫಿನಿಂದ ಬಂದ ಸೆಟ್ಟು ಶೋಕೇಸಿನಿಂದ ಇಳಿಯುವುದು ಹೊಸ ಅಳಿಯ ಬಂದ ದಿನ ಮಾತ್ರ. ಮೇರಿ ಅದನ್ನು ಮೇಜಿನ ಮೇಲೆ ಇಟ್ಟು, ಕೊಟ್ಟವರ ತಾಯಿಯನ್ನೇ ಎದುರು ಕೂರಿಸಿ ಚಿತ್ರ ಬರೆದರು. ಉಡುಗೊರೆಗೆ ಪ್ರತಿ ಉಡುಗೊರೆ.

(ಮನುಷ್ಯರ ಚಿತ್ರ ಬರೆಯುವ ಬಗ್ಗೆ ನಮ್ಮಲ್ಲಿರುವ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಹೇಳಬೇಕಾದ್ದು ಬೇರೆ.)

ನಾವು ನೋಡಿದ್ದು ಅಚ್ಚಾದ ಪ್ರತಿ ಮಾತ್ರ. ಗಾಢ ಬಣ್ಣದ ಉಡುಪು, ತಲೆಗೆ ಬಿಳಿ ಲೇಸಿನ ಮುಸುಕು. ಕೈ ಕೆಟಲಿನ ಹಿಡಿಯ ಮೇಲೆ. ಈಗ ಸುರಿಯುತ್ತಾರೋ, ಯಾರಾದರೂ ಬರಲಿ ಎಂದು ಕಾಯುತ್ತಾರೋ ಹೇಳ್ಲಿಕ್ಕೆ ಬರುವುದಿಲ್ಲ. ಕಣ್ಣು ಬೇರೆ ಎಲ್ಲೋ ನೋಡುತ್ತಿದೆ. ನಗುವಿಲ್ಲ. ಮನೆ ತುಂಬ ಜನ ಇರುವಾಗ ಚಾ ಬಡಿಸುವ ಜಾಗದಲ್ಲಿ ಕುಳಿತ ಹಿರಿಯ ಹೆಂಗಸಿನ ಮುಖವನ್ನು ಗಮನಿಸಿದವರಿಗೆ ಇದು ತಟ್ಟನೆ ಗುರುತು ಸಿಗುತ್ತದೆ.

ಚಿತ್ರ ಮಗಳಿಗೆ ಒಪ್ಪಿಗೆಯಾಗಲಿಲ್ಲ. ಅಮ್ಮನ ಮೂಗು ದೊಡ್ಡದಾಗಿದೆ ಎಂದರು. ದೆಗಾನಂಥ ಹೆಸರಾಂತ ಚಿತ್ರಕಾರ ಮೆಚ್ಚಿದ್ದ ಚಿತ್ರ ಅದು. ಆದರೆ ಮನೆಯವರಿಗೆ ಬೇಕಾದ್ದು ಚಿತ್ರಕಾರರ ಮೆಚ್ಚುಗೆ ಅಲ್ಲವಲ್ಲ. ಆ ಮಗಳನ್ನು ಸುಮ್ಮನೆ ದೂರಲು ನಮಗೆ ಮನಸ್ಸಿಲ್ಲ. ಉಮ್ಮನ ಒಂದು ಫೋಟೊ ದೊಡ್ಡದು ಮಾಡಿಸುವಾಗ ನಾವೂ ಸ್ಟುಡಿಯೊದವನಿಗೆ ಮುಖದ ನೆರಿಗೆ ತೆಗಿ, ಸ್ವಲ್ಪ ಬೆಳ್ಳಗೆ ಮಾಡು ಎನ್ನುತ್ತೇವೆ. ಪ್ರೀತಿ ಇಲ್ಲದೆ ಅಲ್ಲ. ಆದರೆ ಹತ್ತು ವರ್ಷ ಕಳೆದ ಮೇಲೆ ಮೊಮ್ಮಕ್ಕಳ ಕೈಗೆ ಸಿಗುವ ಆ ಬೆಳ್ಳಗಿನ, ನೆರಿಗೆ ಇಲ್ಲದ ಮುಖ ಯಾರದ್ದು? ಚಾ ಸುರಿದ ಆ ಕೈ, ಆ ಮೂಗು ಅದರಲ್ಲಿ ಇರುವುದಿಲ್ಲ.

ಮೇರಿಗೆ ಬೇಸರವಾಯಿತು. ಚಿತ್ರವನ್ನು ಒಳಗೆ ಇಟ್ಟುಬಿಟ್ಟರು, ಒಂದೆರಡು ವರ್ಷವಲ್ಲ, ಸುಮಾರು ಮೂವತ್ತು ವರ್ಷ. ಹಳೆಯ ಗೆಳತಿ ಲೂಯಿಸೀನ್ ಹ್ಯಾವ್‌ಮೇಯರ್ ಒತ್ತಾಯ ಮಾಡಿದ ಮೇಲೆ 1914ರಲ್ಲಿ ಪ್ಯಾರಿಸ್‌ನ ಪ್ರದರ್ಶನಕ್ಕೆ ಅದು ಹೊರಬಂತು. ಅಷ್ಟರಲ್ಲಿ ಮೇರಿಯ ಕಣ್ಣು ಮಂಜಾಗಿತ್ತು, ಬ್ರಷ್ ಹಿಡಿಯುವ ಕಾಲ ಮುಗಿಯುತ್ತಾ ಬಂದಿತ್ತು.

1926ರಲ್ಲಿ ಮೇರಿ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮುಂಚೆ, 1923ರಲ್ಲಿ, ಚಿತ್ರವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟಿದ್ದರು. ಕೊಟ್ಟವರು ಯಾರು ಎಂಬಲ್ಲಿ ಚಿತ್ರಕಾರರ ಕೊಡುಗೆ ಎಂದಷ್ಟೇ ಇದೆ. ರಿಡಲ್ ಮನೆಯವರ ಹೆಸರು ಅಲ್ಲಿಲ್ಲ.